ಹಲ್ಲಿಲ್ಲದ ಹುಲಿಗೆ ಮುದ್ದೆ ಸಿಕ್ಕಿದ್ದು

ಮಕ್ಕಳಾ, ಹತ್ತಿರ ಬನ್ನಿ. ರಾಗಿ ಮುದ್ದೆ ಎಲ್ಲಿ ಹುಟ್ಟಿತು ಅಂತ ನಿಮ್ಮ ಮೇಷ್ಟ್ರನ್ನು ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ನನ್ನನ್ನು ಕೇಳಿ!

ಒಂದು ಕಾಡಲ್ಲಿ ಮುದಿ ಹುಲಿರಾಜ ಇದ್ದ. ಅವನು ಆಕಳಿಸಿದರೆ ಆ ಗಾಳಿಗೆ ಆನೆಗಳು ಆಚೆ ಬೆಟ್ಟಕ್ಕೆ ಹಾರಿ ಬೀಳುತ್ತಿದ್ದವು. ಆದರೆ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ.

ಒಂದು ದಿನ ಹಸಿವು ತಡೆಯದೆ ಗುಡುಗಿದ. "ಅಗಿಯದೆ ಉಣ್ಣುವಂಥ ಊಟ ಮಧ್ಯಾಹ್ನದೊಳಗೆ ಬರಬೇಕು. ಮಾಡಿದವರ ಹೆಸರನ್ನೇ ಊಟಕ್ಕೆ ಇಡ್ತೀನಿ. ಬರಲಿಲ್ಲವೋ, ನಿಮ್ಮನ್ನೇ ಇಡಿಇಡಿಯಾಗಿ ನುಂಗ್ತೀನಿ!"

ಕಾಡೆಲ್ಲ ಗಡಗಡ. ಕರಡಿ ತಾಯಮ್ಮ ಮಾತ್ರ ಒಲೆ ಹೂಡಿ, ಎಸರಿಟ್ಟು, ರಾಗಿ ಹಿಟ್ಟು ಸುರಿದು, ಕೋಲು ಹಾಕಿ ತಿರುವತೊಡಗಿದಳು. ಪೊದೆಯಲ್ಲಿ ಮಲಗಿದ್ದ ನರಿ ಸಿಂಗ್ರಯ್ಯ ಕತ್ತೆತ್ತಿದ.

"ಏನಕ್ಕಾ, ಗೋಡೆಗೆ ಮಣ್ಣು ಕಲಸ್ತಿದ್ದೀಯಾ?"

"ನಿನ್ನ ತಲೆ! ಬಂದು ಕೋಲು ಹಿಡಿಯೋ."

"ಅಯ್ಯೋ, ನನಗೆ ಸೊಂಟ ನೋವು."

ತಾಯಮ್ಮ ದೊಡ್ಡ ಉಂಡೆ ಕಟ್ಟಿಟ್ಟು ಹುರುಳಿ ಸಾರು ಇಳಿಸಲು ಆ ಕಡೆ ತಿರುಗಿದಳು. ಸೊಂಟ ನೋವಿನ ಸಿಂಗ್ರಯ್ಯ ಉಂಡೆ ಎತ್ತಿಕೊಂಡು ಓಡಿದ ನೋಡಿ, ಅವನ ನೆರಳು ಹಿಂದೆಯೇ ಉಳಿದುಹೋಯಿತು!

"ದೊರೆಯೇ, ನಾನೇ ಮಾಡಿದ್ದು! ಇದಕ್ಕೆ ಸಿಂಗ್ರಯ್ಯ ಅಂತಲೇ ಹೆಸರಿಡಿ."

"ಮೊದಲು ನೀನು ತಿಂದು ತೋರಿಸು," ಅಂದ ಹುಲಿ.

ಸಿಂಗ್ರಯ್ಯ ಬಾಯಿ ತುಂಬ ಕಚ್ಚಿ ಕಚಕಚ ಅಗಿದ. ಅಷ್ಟೇ! ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ಅಂಟಿತು. ಬಾಯಿ ಬಿಡಲಾರ, ಉಗಿಯಲಾರ. ಕಣ್ಣು ಮಾತ್ರ ಪಿಳಿಪಿಳಿ.

"ಹಲ್ಲಿದ್ದ ನಿನಗೇ ಹಿಂಗಾದರೆ ನನ್ನ ಗತಿ ಏನೋ? ಇವತ್ತು ನೀನೇ ನನ್ನ ಊಟ!" ಎಂದು ಹುಲಿ ಅವನ ಬಾಲ ಹಿಡಿದು ಮೇಲೆತ್ತಿದ.

ಅಷ್ಟರಲ್ಲಿ ತಾಯಮ್ಮ ಸಾರಿನ ಗಡಿಗೆ ಹೊತ್ತು ಏದುಸಿರು ಬಿಡುತ್ತ ಬಂದಳು. "ತಡೀರಿ ದೊರೆ! ಇದನ್ನ ಯಾರಾದರೂ ಅಗೀತಾರಾ? ಹಿಂಗೆ ಮುರೀಬೇಕು, ಸಾರಲ್ಲಿ ಅದ್ದಬೇಕು, ಗುಳುಂ!"

ಹುಲಿಯೂ ಮುರಿದ, ಅದ್ದಿದ, ಗುಳುಂ! ಉಂಡೆ ಪೂರ್ತಿ ಖಾಲಿ. ಅವನು ತೇಗಿದ ರಭಸಕ್ಕೆ ಮರದ ಮೇಲಿನ ಮಂಗಗಳೆಲ್ಲ ಹಣ್ಣಿನಂತೆ ಉದುರಿದವು.

"ಇನ್ಮೇಲೆ ಇದರ ಹೆಸರು ತಾಯಮ್ಮ!"

"ಬೇಡಪ್ಪಾ ಬೇಡ! ನನ್ನ ಹೆಸರಿಟ್ಟರೆ ಕಾಡೆಲ್ಲ ದಿನಾ ನನ್ನ ಒಲೆ ಮುಂದೆ ಬಂದು ಕೂರುತ್ತೆ. ಮುದ್ದೆಯಾಗಿದೆ, ಮುದ್ದೆ ಅಂತ ಕರೀರಿ. ಇವನನ್ನೂ ನುಂಗಬೇಡಿ, ನನಗೆ ಕೋಲು ತಿರುವೋರು ಬೇಕು."

ಅಂದಿನಿಂದ ಕಾಡಿಗೆಲ್ಲ ಹಿಟ್ಟು ತಿರುವುವುದು ಸಿಂಗ್ರಯ್ಯನ ಪಾಲಿಗೆ ಬಂತು. ಯಾರಾದರೂ ಕೇಳಿದರೆ "ನಾನೇ ಮಾಡಿದ್ದು" ಅಂತ ನರಳುತ್ತಾನೆ. ಈಗ ಅದು ನಿಜವೇ.

ನೀತಿ: ಇನ್ನೊಬ್ಬರು ಬೆವರು ಸುರಿಸಿ ಮಾಡಿದ್ದಕ್ಕೆ ತನ್ನ ಹೆಸರು ಅಂಟಿಸಲು ಹೋದವನ ಬಾಯಿಯೇ ಅಂಟಿಕೊಳ್ಳುತ್ತದೆ.