ಹನ್ನೊಂದನೆಯ ಏಸಿ

ಉರಿಗಲ್ಲಿನ ದೊರೆ ರಣದೂಳಪ್ಪ ನಾಯಕ ಕಂಡವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದ: "ಬೇರೆ ದೊರೆಗಳಿಗೆ ಚಾಮರ ಬೀಸೋದು ಆಳುಗಳು. ನಮಗೆ ಬೀಸೋನು ಸಾಕ್ಷಾತ್ ಸೂರ್ಯ!"

ಮಾತು ಪೂರ್ತಿ ಸುಳ್ಳಲ್ಲ. ಅರಮನೆಯ ತಾರಸಿ ತುಂಬ ಅರವತ್ತು ಸೋಲಾರ್ ಹಲಗೆಗಳಿದ್ದವು. ಅವು ಬಿಸಿಲು ಕುಡಿದು ಕರೆಂಟು ಕೊಡುತ್ತಿದ್ದವು. ಆ ಕರೆಂಟಿನಿಂದ ಆಸ್ಥಾನದ ಹತ್ತು ಏಸಿಗಳು ಓಡುತ್ತಿದ್ದವು. ಏಸಿಗೆ ಆರರಂತೆ ಹಲಗೆ. ಅಳತೆ ಹಾಕಿದವನು ಪ್ರಧಾನಿ ನರಹರಯ್ಯ. ಅವನ ಅಳತೆ ಬಹಳ ಸರಳ: ದೊರೆ ಬೆವರಿದರೆ ಇನ್ನೊಂದು ಏಸಿ, ಇನ್ನಾರು ಹಲಗೆ.

ದೊರೆ ಇನ್ನೂ ಬೆವರುತ್ತಿದ್ದ. ತಾರಸಿಯಲ್ಲಿ ಜಾಗ ಮುಗಿದಿತ್ತು.

ಯಾಕೆ ಬೆವರುತ್ತಿದ್ದಾನೆಂದು ಇಡೀ ಊರಿಗೆ ಗೊತ್ತಿತ್ತು. ದೊರೆಯ ಅಜ್ಜ ಯಾವುದೋ ಯುದ್ಧ ಗೆದ್ದು ಹಗಲು ದೀವಟಿಗೆಯ ಗೌರವ ಪಡೆದಿದ್ದ. ಅಂದಿನಿಂದ ಆಸ್ಥಾನದಲ್ಲಿ ನಡು ಮಧ್ಯಾಹ್ನವೂ ನಲವತ್ತು ದೀವಟಿಗೆ ಧಗಧಗ ಉರಿಯಬೇಕು. ಬಾಗಿಲ ಬಳಿ ಅಜ್ಜನೇ ಕೆತ್ತಿಸಿದ ಶಾಸನವಿತ್ತು: 'ದೀವಟಿಗೆ ಆರಿಸೆಂದು ಈ ಚಾವಡಿಯಲ್ಲಿ ನುಡಿದವರು, ಯಾರೇ ಆಗಲಿ, ಒಂದು ವರ್ಷ ಒಳಗೆ ಕಾಲಿಡದೆ ಹೊರಗಿನ ಬೇವಿನ ಮರದಡಿ ಕೂರತಕ್ಕದ್ದು.'

ಆದ್ದರಿಂದ ಯಾರೂ ನುಡಿದಿರಲಿಲ್ಲ.

"ಹನ್ನೊಂದನೆಯ ಏಸಿ ಬೇಕು, ಪ್ರಭು," ಎಂದ ಪ್ರಧಾನಿ. "ಕುಂಬಾರರು ಮಡಕೆ ಒಣಗಿಸೋ ಬಯಲು ಇದೆಯಲ್ಲ, ಅಲ್ಲಿ ಹಲಗೆ ಹಾಕಿಸಿಬಿಡೋಣ. ಇಪ್ಪತ್ತನೆಯ ಏಸಿವರೆಗೂ ಜಾಗಕ್ಕೆ ಚಿಂತೆಯಿಲ್ಲ."

ಸುದ್ದಿ ಕೇಳಿ ಕುಂಬಾರ ಸಣ್ಣೀರಮ್ಮ ಓಡಿ ಬಂದಳು. ಕೈಯೆಲ್ಲ ಜೇಡಿಮಣ್ಣು.

"ಬುದ್ಧೀ, ಇರೋದು ಅದೊಂದೇ ಬಯಲು. ಹಸಿ ಮಡಕೆ ಸುಡೋಕಿಟ್ರೆ ಒಡೆದು ಚೂರಾಗ್ತದೆ. ನಲವತ್ತು ಮನೆ ಒಲೆ ಆರಿಹೋಗ್ತದೆ."

"ನೆರಳಲ್ಲಿ ಒಣಗಿಸಿಕೊಳ್ಳಮ್ಮ," ಎಂದ ದೊರೆ.

"ನೆರಳಲ್ಲಿ ಒಣಗೋ ಹಂಗಿದ್ರೆ ಬುದ್ಧಿಯೋರ ಅಂಗವಸ್ತ್ರ ಯಾವತ್ತೋ ಒಣಗ್ತಿತ್ತು!"

ದೊರೆಯ ಮುಖ ಕೆಂಪಾಯಿತು. "ನಾಳೆ ಸಂಜೆಗೆ ಬಯಲು ಖಾಲಿ ಮಾಡಿ," ಎಂದು ಎದ್ದುಹೋದ.

ಸಣ್ಣೀರಮ್ಮ ಮೂಲೆಯಲ್ಲಿ ಕೂತಿದ್ದ ಓಬಳಯ್ಯನ ಕಡೆ ತಿರುಗಿದಳು. ಓಬಳಯ್ಯ ಆಸ್ಥಾನದ ವಿದೂಷಕ. ಅರಮನೆಯಲ್ಲಿ ಯೋಚನೆ ಮಾಡಿ ಮಾತಾಡುತ್ತಿದ್ದವನು ಅವನೊಬ್ಬನೇ.

"ಓಬಳಯ್ಯನೋರೇ, ನಿಮಗಾದ್ರೂ ಬಾಯಿಲ್ವಾ? ಒಂದು ಮಾತಾಡಿ."

"ನಾನು ಆಡಿದ್ರೆ ಬೇವಿನ ಮರದಡಿ ನಾನು ಕೂರಬೇಕಾಗ್ತದೆ, ತಾಯಿ. ಇರು, ಆಡಿಸ್ತೀನಿ."

ಆ ಸಂಜೆ ಅವನು ದೊರೆಯ ಬಳಿಗೆ ಹೋದ. "ಪ್ರಭು, ಹನ್ನೊಂದನೆಯ ಏಸಿ ಬೇಕೇ ಬೇಕು. ಆದರೆ ಅದಕ್ಕೆ ಮೊದಲು ಇರೋ ಹತ್ತನ್ನು ಅವುಗಳ ಯಜಮಾನರ ಮುಂದೆ ಕೂರಿಸಬೇಕು. ನಾಳೆ ಮಧ್ಯಾಹ್ನದೊಳಗೆ ಮಾಡಿಸ್ತೀನಿ."

"ಯಜಮಾನ ನಾನೊಬ್ಬನೇ ಅಲ್ವೇನಯ್ಯ?"

"ನಾಳೆ ನೋಡಿದರಾಯ್ತು, ಪ್ರಭು."

ಮರುದಿನ ದೊರೆ ಸಿಂಹಾಸನದ ಮೇಲೆ ಕೂತು ಸುತ್ತ ನೋಡಿದ. ಹತ್ತೂ ಏಸಿಗಳು ಅವನಿಗೆ ಬೆನ್ನು ಮಾಡಿದ್ದವು. ಒಂದೊಂದರ ಮುಂದೆ ನಾಲ್ಕು ನಾಲ್ಕು ಮಂದಿ ದೀವಟಿಗೆಯವರು ಸುಖವಾಗಿ ನಿಂತಿದ್ದರು. ಒಬ್ಬ ಮುದುಕ ಕಂಬಳಿ ಹೊದ್ದಿದ್ದ. ಇನ್ನೊಬ್ಬ ಸೀನಿದ. ಸಿಂಹಾಸನದ ಕಡೆಗೆ ಮಾತ್ರ ಒಂದೆಳೆ ತಂಗಾಳಿಯೂ ಇಲ್ಲ.

"ಓಬಳಯ್ಯ! ಏನಯ್ಯ ಇದು?"

"ಪ್ರಭು, ಒಂದು ಏಸಿ ನಾಲ್ಕು ದೀವಟಿಗೆಯ ಕಾವು ನುಂಗುತ್ತೆ. ಅದಕ್ಕಿಂತ ಒಂದು ತುತ್ತೂ ಹೆಚ್ಚು ನುಂಗಲ್ಲ. ದೀವಟಿಗೆ ನಲವತ್ತು, ಏಸಿ ಹತ್ತು. ಅವರವರದನ್ನು ಅವರವರಿಗೆ ಒಪ್ಪಿಸಿದೆ."

"ಮತ್ತೆ ನನ್ನದು?"

"ತಮ್ಮದು ಹನ್ನೊಂದನೆಯದು. ಕುಂಬಾರರ ಬಯಲಿನಿಂದ ಬರಬೇಕು."

ಹಣೆಯಿಂದ ಇಳಿದ ಬೆವರು ದೊರೆಯ ಮೀಸೆಯ ತುದಿಯಲ್ಲಿ ತೊಟ್ಟಿಕ್ಕಿತು. "ಅಂದ್ರೆ ಅರವತ್ತು ಹಲಗೆ ಹಾಕಿಸಿ ಇಷ್ಟು ದಿನ ನಾನು ತಂಪು ಮಾಡ್ತಾ ಇದ್ದದ್ದು ಈ ಬೆಂಕೀನಾ?"

"ಬಹಳ ಅದೃಷ್ಟವಂತ ಬೆಂಕಿ, ಪ್ರಭು."

ಕಂಬಳಿ ಹೊದ್ದ ಮುದುಕ ಇನ್ನಷ್ಟು ಮುದುರಿಕೊಂಡ. ದೊರೆಗೆ ತಡೆಯಲಾಗಲಿಲ್ಲ.

"ಆರಿಸ್ರೋ ಈ ಹಾಳು ದೀವಟಿಗೇನ!"

"ಹಾಗಂದೋರು ಒಂದು ವರ್ಷ ಬೇವಿನ ಮರದ..." ಎಂದು ಪ್ರಧಾನಿ ಅಭ್ಯಾಸಬಲದಿಂದ ಕೂಗಿ, ಉಳಿದದ್ದನ್ನು ನುಂಗಿಕೊಂಡ.

ಯಾರೂ ದೀವಟಿಗೆ ಆರಿಸಲಿಲ್ಲ. ದೊರೆ ನಿಧಾನವಾಗಿ ಶಾಸನದ ಕಡೆ ನೋಡಿದ.

"ದೊರೆಗೂ ಅನ್ವಯಿಸುತ್ತೇನಯ್ಯ?"

"'ಯಾರೇ ಆಗಲಿ' ಅಂತಿದೆ, ಪ್ರಭು," ಎಂದ ಓಬಳಯ್ಯ. " 'ನನ್ನ ಮೊಮ್ಮಗನ ಹೊರತು' ಅಂತ ಸೇರಿಸೋದು ಅಜ್ಜನವರಿಗೆ ಮರೆತುಹೋಗಿದೆ."

ಅಜ್ಜನ ಮಾತು ಮುರಿಯುವ ಧೈರ್ಯ ದೊರೆಗಿರಲಿಲ್ಲ. ಸಿಂಹಾಸನ ಬೇವಿನ ಮರದಡಿಗೆ ಹೋಯಿತು. ಹಿಂದೆಯೇ ಆಸ್ಥಾನವೂ, ಬಯಲಿನ ಗತಿ ಏನಾಯಿತೆಂದು ಕೇಳಲು ಬಂದ ಸಣ್ಣೀರಮ್ಮನೂ ಹೋದರು. ದೀವಟಿಗೆಗಳು ಶಾಸನದಂತೆ ಒಳಗೇ ಉರಿದವು, ಏಸಿಗಳು ಒಳಗೇ ಓಡಿದವು. ಅವುಗಳ ಪಾಡಿಗೆ ಅವು ಚೆನ್ನಾಗಿದ್ದವು.

ಮರದಡಿ ಗಾಳಿ ಆಡುತ್ತಿತ್ತು. ಅರ್ಧ ಗಂಟೆಯಲ್ಲಿ ದೊರೆಯ ಅಂಗವಸ್ತ್ರ ಒಣಗಿತು. ಅವನು ಅದನ್ನು ಮುಟ್ಟಿ ಮುಟ್ಟಿ ನೋಡಿದ.

"ಸಣ್ಣೀರಮ್ಮ, ಇಲ್ಲಿಡೋಕೆ ಒಂದು ದೊಡ್ಡ ಹೂಜಿ ಮಾಡಿಕೊಡಮ್ಮ. ತಣ್ಣೀರು ಬೇಕು."

"ಬಿಸಿಲಲ್ಲಿ ಒಣಗಿಸ್ಬೇಕು, ಬುದ್ಧೀ."

"ನಿನ್ನ ಬಯಲಲ್ಲೇ ಒಣಗಿಸಿಕೊ. ಅಲ್ಲಿ ಯಾರೂ ಹಲಗೆ ಹಾಕಲ್ಲ." ದೊರೆ ತಲೆಯೆತ್ತಿ ಮರ ನೋಡಿದ. "ಓಬಳಯ್ಯ, ಇದಕ್ಕೆ ಎಷ್ಟು ಹಲಗೆ ಹಾಕಿದ್ದಾರಯ್ಯ?"

"ಎಲೆ ಎಷ್ಟಿವೆಯೋ ಅಷ್ಟು, ಪ್ರಭು."

"ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ! ಇಷ್ಟು ಸರಿಯಾಗಿ ಅಳತೆ ಹಾಕಿದ ಜಾಣ ಯಾರು? ಅವನನ್ನೇ ಪ್ರಧಾನಿ ಮಾಡ್ತೀನಿ."

ನರಹರಯ್ಯ ತನ್ನ ಪೇಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಓಬಳಯ್ಯ ಕೈಮುಗಿದ.

"ಬೇಡಿ, ಪ್ರಭು. ಅವನು ಅಳತೆಗಿಳತೆ ಏನೂ ಹಾಕಲಿಲ್ಲ. ಒಂದು ಬೇವಿನ ಹಣ್ಣು ತಿಂದು ಬೀಜ ಇಲ್ಲಿ ಉಗುಳಿ, ಕಾ ಅಂದು ಹಾರಿಹೋದ."