ದುಂಡುಮಾದ ಹಿಡಿದ ಬ್ರೇಕು

ಹೂಂಗುಟ್ಟುವವರು ಹತ್ತಿರ ಬನ್ನಿ, ತೂಕಡಿಸುವವರು ಗೋಡೆಗೆ ಒರಗಿ. ಬೆಟ್ಟದ ಮೇಲೆ ಹಾಲುದೊಡ್ಡಿ ಅಂತ ಒಂದು ಊರು. ಊರಿಗೆಲ್ಲ ಒಂದೇ ಜೀಪು. ಆ ಜೀಪನ್ನು ಓಡಿಸುತ್ತಿದ್ದವಳು ದೇವಮ್ಮಣ್ಣಿ. ಅವಳ ಗಂಡ ಕಣ್ಣು ಮುಚ್ಚುವಾಗ ಒಂದು ಜೀಪು, ಒಬ್ಬ ಮಗ, ಒಬ್ಬ ಮಗಳನ್ನು ಅವಳ ಕೈಗೆ ಒಪ್ಪಿಸಿ ಹೋಗಿದ್ದ. ಜೀಪು ಅವಳ ಮಾತು ಕೇಳುತ್ತಿತ್ತು. ಮಗಳು ಚಿನ್ನತಾಯಿಯೂ ಕೇಳುತ್ತಿದ್ದಳು. ಮಗ ದುಂಡುಮಾದ ಇವರಿಬ್ಬರಿಗಿಂತ ಹೆಚ್ಚು ಕೇಳುತ್ತಿದ್ದ. ತೊಂದರೆ ಇದ್ದದ್ದೇ ಅಲ್ಲಿ.

ಆಳು ನೋಡಿದರೆ ಬಾಗಿಲು ತುಂಬುವಷ್ಟು. ಮೀಸೆ ಬಂದು ಎಷ್ಟೋ ವರ್ಷವಾಗಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಒಂದು ಕೂದಲು ಆಚೆ ಇಲ್ಲ, ಈಚೆ ಇಲ್ಲ. ಅಂಥವನನ್ನು ಬೈಯುವುದಾದರೂ ಹೇಗೆ, ನೀವೇ ಹೇಳಿ. ದೇವಮ್ಮಣ್ಣಿಗೆ ಮಾತ್ರ ಬೈದು ಬೈದು ಗಂಟಲು ಒಣಗಿತ್ತು.

ಆ ಸಲ ಚಿನ್ನತಾಯಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಗಂಡ ಕೇರಳದ ಕಡೆ ಕೂಲಿಗೆ ಹೋಗಿದ್ದ. ಬೆಟ್ಟದ ಕೆಳಗಿನ ಪೇಟೆಯ ಡಾಕ್ಟ್ರಮ್ಮ ಹೊಟ್ಟೆ ಮುಟ್ಟಿ ನೋಡಿ, "ಮಗು ಅಡ್ಡ ತಿರುಗಿದೆ. ಮನೆಯಲ್ಲಿ ಹೆರಿಗೆ ಮಾಡಿಸೋಕೆ ಹೋಗಬೇಡಿ. ನೋವು ಕಾಣಿಸಿಕೊಂಡ ತಕ್ಷಣ ಕೆಳಗೆ ಕರಕೊಂಡು ಬನ್ನಿ" ಅಂದಿದ್ದರು. ಆಂಬುಲೆನ್ಸ್ ಆ ದಾರಿ ಹತ್ತುವುದಿಲ್ಲ. ಇಳಿಸಬೇಕಾದರೆ ಈ ಜೀಪೇ ಇಳಿಸಬೇಕು. ಅವತ್ತಿನಿಂದ ದೇವಮ್ಮಣ್ಣಿ ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು. ಜೀಪು ನೋಡುವಳು, ಮಗಳ ಮುಖ ನೋಡುವಳು, ಮತ್ತೆ ಜೀಪು ನೋಡುವಳು.

ಹೀಗಿರುವಾಗ ಒಂದು ಬೆಳಿಗ್ಗೆ ಜನ ತುಂಬಿಕೊಂಡು ಇಳಿಯುತ್ತಿದ್ದಾಳೆ, ಮೂರನೇ ತಿರುವಿನಲ್ಲಿ ಬ್ರೇಕು ಒತ್ತಿದರೆ ಪೆಡಲು ಸೊಯ್ಯನೆ ನೆಲ ಮುಟ್ಟಿತು. ಬ್ರೇಕಿಲ್ಲ. ಒಂದನೇ ಗೇರಿಗೆ ಎಳೆದಳು, ಪಕ್ಕದ ಮಣ್ಣಿನ ದಿಬ್ಬಕ್ಕೆ ಜೀಪಿನ ಮೂತಿ ಒತ್ತಿದಳು, ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಜನ ಇಳಿದು ದೇವರ ಹೆಸರು ಹೇಳುತ್ತಾ ನಡೆದು ಹೋದರು. ಅವಳು ಬಾನೆಟ್ ಎತ್ತಿ ಬ್ರೇಕ್ ಎಣ್ಣೆಯ ಬಾಟಲಿ ತೆರೆದು ನೋಡಿದಳು. ಒಳಗೆ ಹುಣಸೆ ಕಿವುಚಿದ ನೀರಿನ ಹಾಗೆ ಕದಡಿಕೊಂಡಿತ್ತು. ಜೊತೆಗೇ ಇದ್ದ ಮಗನ ಕಡೆ ತಿರುಗಿದಳು.

"ಏನ್ಲಾ ಸುರ್ದೆ ಇದ್ರೊಳಕ್ಕೆ?"

"ನೀರು ಕನವ್ವ."

"ಬ್ರೇಕ್ ಎಣ್ಣೆಗೆ ನೀರಾ?"

"ನೀನೇ ಅಂದಲ್ಲವ್ವ. ದಿನಾ ಬೆಳಿಗ್ಗೆ ನೋಡು, ಗೆರೆಗಿಂತ ಕಮ್ಮಿ ಇದ್ರೆ ನೀರು ತುಂಬು ಅಂದೆ. ಇದ್ರಲ್ಲೂ ಗೆರೆ ಅದೆ, ಕಮ್ಮಿ ಇತ್ತು, ತುಂಬ್ದೆ."

ಅವಳು ಹೇಳಿದ್ದು ರೇಡಿಯೇಟರಿಗೆ. ಹಾಗಂತ ಬಿಡಿಸಿ ಹೇಳಿರಲಿಲ್ಲ, ಅದೂ ನಿಜ. ಎರಡು ವಾರದಿಂದ ಚೂರುಚೂರೇ ಸುರಿದಿದ್ದ. ಇಳಿಜಾರಿನಲ್ಲಿ ಬ್ರೇಕು ಕಾದಾಗ ಒಳಗಿನ ನೀರು ಕುದಿದು ಆವಿಯಾಗಿತ್ತು. ಆವಿಯನ್ನು ಎಷ್ಟು ಒತ್ತಿದರೆ ಏನು ಬಂತು?

ಜೀಪನ್ನು ಸಣ್ಣ ಗೇರಿನಲ್ಲಿ ಮೆಲ್ಲಗೆ ಮನೆಗೆ ಹತ್ತಿಸಿ ಪೇಟೆಯ ಮೆಕ್ಯಾನಿಕ್ ಇನಾಯತ್ ಸಾಬರಿಗೆ ಫೋನು ಮಾಡಿದಳು. ಸಾಬರು, "ಒಳಗಿರೋದನ್ನೆಲ್ಲ ತೆಗೆದು ಹೊಸ ಎಣ್ಣೆ ಹಾಯಿಸ್ಬೇಕು. ನಾಳೆ ಬರ್ತೀನಿ. ಇವತ್ತೇ ಒಂದು ಡಬ್ಬ ತರಿಸಿಡು" ಅಂದರು.

ದೇವಮ್ಮಣ್ಣಿ ಮಗನನ್ನು ಎದುರು ನಿಲ್ಲಿಸಿಕೊಂಡು ಬುದ್ಧಿ ಹೇಳಿದಳು. "ಕಾಲುದಾರೀಲಿ ಇಳ್ದು ಡಬ್ಬ ತಕ್ಕೊಂಡ್ ಬಾ. ಮುಚ್ಚಳ ಬಿಚ್ಬೇಡ. ಆ ಎಣ್ಣೆಗೆ ಗಾಳಿ ತಾಕುದ್ರೂ ಕೆಡ್ತದೆ. ಏನು ತಂದ್ರೂ ಗಾಳಿ ಆಡ್ದಂಗೆ ಬಿಗಿಯಾಗಿ ಕಟ್ಕೊಂಡ್ ಬಾ."

ಹೋದ. ಡಬ್ಬ ತೆಗೆದುಕೊಂಡ. ಬಿಗಿಯಾಗಿ ಕಟ್ಟಿಕೊಂಡ. ಭಲೇ ಅನ್ನಿ, ಅಲ್ಲಿಗೆ ನಿಲ್ಲಿಸಿ. ದಾರಿಯಲ್ಲಿ ಸೋದರತ್ತೆಯ ಮನೆ. ಅತ್ತೆ, ಬಾಣಂತಿಯ ಸಾರಿಗಾಗುತ್ತೆ ಅಂತ ಒಂದು ನಾಟಿ ಕೋಳಿ ಕೊಟ್ಟಳು. ದುಂಡುಮಾದ ಕೋಳಿಯನ್ನೂ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ತಿರುಚಿ, ಸುತ್ತಲೂ ದಾರ ಸುತ್ತಿ, ಗಾಳಿ ಆಡದ ಹಾಗೆ ಬಿಗಿದ. ಅತ್ತೆಯ ಮನೆ ಹಾಲುದೊಡ್ಡಿಯ ಬಾಗಿಲಲ್ಲೇ ಇದ್ದದ್ದಕ್ಕೆ ಸರಿಹೋಯಿತು ಅನ್ನಬೇಕು, ದೂರ ಹೊತ್ತು ತರುವಂತಿರಲಿಲ್ಲ. ಮನೆಗೆ ಬಂದು ಬಿಚ್ಚಿದರೆ ಕೋಳಿ ಕಣ್ಣು ಮೇಲೆ ಮಾಡಿ ಕತ್ತು ಇಳಿಬಿಟ್ಟಿದೆ. ಚಿನ್ನತಾಯಿ ನೀರು ಚಿಮುಕಿಸಿ ಬೀಸಣಿಗೆ ಬೀಸಿದಳು. ಬಹಳ ಹೊತ್ತಿಗೆ ಅದು ಒಂದು ಕಣ್ಣು ತೆರೆದು ದುಂಡುಮಾದನನ್ನು ನೋಡಿತು, ನೋಡಿ ಮತ್ತೆ ಮುಚ್ಚಿತು.

"ಉಸ್ರಾಡೋ ಜೀವಾನ ಹಿಂಗೆ ಕಟ್ಟಾರಾ?"

"ನೀನೇ ಅಂದಲ್ಲವ್ವ. ಏನು ತಂದ್ರೂ ಗಾಳಿ ಆಡ್ದಂಗೆ ಕಟ್ಟು ಅಂದೆ."

"ನನ್ನ ಹಣೆಬರ. ಮನೆಗೆ ತಂದ್ ಮೇಲೆ ಬಾಯಿ ಬಿಚ್ಚಿ ಈಚೆ ಗಾಳೀಲಿ ಇಡ್ಬೇಕು ಕನ್ಲಾ. ಗಾಳಿ ಆಡ್ಬೇಕು. ತಿಳೀತಾ?"

ತಿಳಿಯಿತು. ಇವನಿಗೆ ತಿಳಿಯದ್ದು ಯಾವುದಿದೆ? ಸಾಯಂಕಾಲ ಅವಳು ಮಗಳಿಗೆ ಗಂಜಿ ಕಾಯಿಸುತ್ತಿದ್ದಾಗ ಇವನು ಡಬ್ಬದ ಕಟ್ಟು ಬಿಚ್ಚಿದ, ಮುಚ್ಚಳ ತಿರುಗಿಸಿದ, ಒಳಗಿನ ಸೀಲು ಹರಿದ, ಅಂಗಳದ ಕಲ್ಲಿನ ಮೇಲೆ ಗಾಳಿಗೆ ಇಟ್ಟು ಮಲಗಿದ. ಬೆಟ್ಟದ ಮೇಲಿನ ಮಂಜು ನಿಮಗೆ ಗೊತ್ತಲ್ಲ, ಕಂಬಳಿಯೂ ತೊಯ್ಯುತ್ತದೆ. ಬೆಳಿಗ್ಗೆ ಇನಾಯತ್ ಸಾಬರು ಬೈಕಿನಲ್ಲಿ ಹತ್ತಿ ಬಂದು ನೋಡಿದರೆ ಡಬ್ಬ ಬಾಯಿ ತೆರೆದು ಕೂತಿತ್ತು, ಬಾಯೊಳಗೆ ಮಂಜಿನ ಹನಿ.

"ಇದೂ ಹೋಯ್ತು. ತೇವ ಕುಡಿದುಬುಟ್ಟದೆ. ಹಳೇದನ್ನ ತೆಗೆದು ಇದನ್ನ ಹಾಕುದ್ರೆ ನೀರು ತೆಗೆದು ನೀರೇ ಹಾಕ್ದಂಗೆ" ಅಂದರು ಸಾಬರು.

"ಅವ್ವನೇ ಅಂದ್ಲು ಸಾಬ್ರೇ, ಗಾಳಿ ಆಡ್ಬೇಕು ಅಂತ" ಅಂದ ದುಂಡುಮಾದ.

ದೇವಮ್ಮಣ್ಣಿ ತಲೆಯ ಮೇಲೆ ಕೈ ಹೊತ್ತು ಒಳಗೆ ಹೋದಳು. ಒಳಗೆ ಚಿನ್ನತಾಯಿ ಸೊಂಟ ಹಿಡಿದುಕೊಂಡು ಓಡಾಡುತ್ತಿದ್ದಳು. "ಏನವ್ವ, ನೋವಾ?" ಅಂದಳು ತಾಯಿ. "ಇಲ್ಲ ಕನವ್ವ, ಸುಮ್ನೆ ಒಸಿ ಸೆಳೆತ" ಅಂದಳು ಮಗಳು. ಸುಮ್ಮನೆ ಸೆಳೆತ ಅಂದರೆ ಏನು ಅಂತ ಹೆತ್ತವಳಿಗೆ ಗೊತ್ತಿಲ್ಲವೇ? ಮತ್ತೆ ಹೊರಗೆ ಓಡಿ ಬಂದಳು. "ಸಾಬ್ರೇ, ಬೇಗ."

ಸಾಬರು ಬೈಕು ತಿರುಗಿಸಿ ಇಳಿದರು, ಹೊಸ ಡಬ್ಬ ತಂದರು, ಈ ಸಲ ತಮ್ಮ ಅಂಗಿಯ ಒಳಗೇ ಇಟ್ಟುಕೊಂಡು ತಂದರು. ಬಂದವರೇ ಕೆಲಸಕ್ಕೆ ಇಳಿದರು. ಬಾಟಲಿಯ ಕದಡನ್ನೆಲ್ಲ ಸಿರಿಂಜಿನಿಂದ ಹೀರಿ ತೆಗೆದರು, ಒರೆಸಿದರು, ಹೊಸ ಎಣ್ಣೆ ತುಂಬಿದರು. ಆಮೇಲೆ ದುಂಡುಮಾದನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ ಹೇಳಿಕೊಟ್ಟರು.

"ನೋಡಪ್ಪ. ಎಣ್ಣೆ ಬಾಟ್ಲಿಗೆ ದೂರದ ಚಕ್ರ ಮೊದಲು, ಹತ್ತಿರದ್ದು ಕೊನೆಗೆ. ನಾಲ್ಕೂ ಆಗ್ಬೇಕು. ಚಕ್ರದತ್ರ ಎಣ್ಣೆ ಈಚೆ ಬರೋ ಬಾಯಿಗೆ ಪೈಪು ಸಿಗಿಸಿರ್ತೀನಿ. ಒತ್ತು ಅಂದ್ರೆ ಪೆಡಲು ಒತ್ತು. ಹಿಡಿ ಅಂದ್ರೆ ಹಂಗೇ ಹಿಡಿ, ಆಗ ಆ ಬಾಯಿ ತೆಗೆದಿರ್ತೀನಿ. ಬುಡು ಅಂದ್ರೆ ಬುಡು. ಕೊಳೆ ಹೋಗಿ ತಿಳಿ ಬರ್ಬೇಕು, ಪೈಪಲ್ಲಿ ಗುಳ್ಳೆ ಕಾಣ್ಬಾರ್ದು. ಅಲ್ಲಿಗೆ ಆ ಚಕ್ರ ಮುಗೀತು."

ಇದು ದುಂಡುಮಾದನಿಗೆ ಹೇಳಿ ಮಾಡಿಸಿದ ಕೆಲಸ. ಒತ್ತು, ಒತ್ತಿದ. ಹಿಡಿ, ಹಿಡಿದ. ಬುಡು, ಬಿಟ್ಟ. ಹಿಂದಿನ ಎಡಚಕ್ರ ಆಯಿತು. ಹಿಂದಿನ ಬಲಚಕ್ರ ಆಯಿತು. ದೇವಮ್ಮಣ್ಣಿ ಒಳಗೂ ಹೊರಗೂ ಓಡಾಡುತ್ತಾ, ಪರವಾಗಿಲ್ಲ, ಇವನಿಗೂ ಒಂದು ಕೆಲಸ ಬಂತು ಅಂದುಕೊಂಡಳು. ಅಂದುಕೊಂಡದ್ದೇ ತಡ, ಪಕ್ಕದ ಮನೆಯ ಮುನಿಗನ ಎಕ್ಕಡ ಕಚ್ಚಿಕೊಂಡು ಅವನ ನಾಯಿ ಓಡಿ ಬಂತು. ಮುನಿಗ ಹಿಂದಿನಿಂದ, "ಬುಡು, ಬುಡು ಅಂದ್ರೆ" ಅಂತ ಕೂಗಿದ. ನಾಯಿ ಬಿಡಲಿಲ್ಲ. ದುಂಡುಮಾದ ಬಿಟ್ಟ. ಮುಂದಿನ ಚಕ್ರದ ಬಾಯಿ ತೆರೆದೇ ಇತ್ತು, ಗೊರಕ್ ಅಂತ ಗಾಳಿ ಒಳಗೆ ಎಳೆದುಕೊಂಡಿತು.

ಸಾಬರು ಜೀಪಿನ ಕೆಳಗಿನಿಂದ ಎದ್ದು ಬಂದರು. ಶಾಂತವಾದ ಮನುಷ್ಯ, ಅವರಿಗೂ ಮುಖ ಕೆಂಪಾಗಿತ್ತು.

"ಯಾರೋ ಬುಡು ಅಂದ್ರೆ ಬುಡ್ತೀಯಾ? ನಿಮ್ಮವ್ವ ಅಂದ್ರೂ ಬುಡ್ಬೇಡ. ಊರೇ ಬಂದು ಅಂದ್ರೂ ಬುಡ್ಬೇಡ. ನನ್ನ ಬಾಯಿಂದ ಬಂದ್ರೆ ಮಾತ್ರ."

"ಆಯ್ತು ಸಾಬ್ರೇ."

ಆ ಚಕ್ರವನ್ನು ಮತ್ತೆ ಮೊದಲಿನಿಂದ ಮಾಡಿದರು. ನಾಲ್ಕನೆಯದೂ ಆಯಿತು. ಎಲ್ಲ ಬಿಗಿ ಮಾಡಿ ಸಾಬರು, "ಈಗ ಜೋರಾಗಿ ಒತ್ತಿ ಹಿಡಿ, ಎಲ್ಲಾದ್ರೂ ಸೋರ್ತದಾ ನೋಡ್ತೀನಿ" ಅಂದರು. ದುಂಡುಮಾದ ಒತ್ತಿ ಹಿಡಿದ. ಸೋರಲಿಲ್ಲ. ಪೆಡಲು ಕಲ್ಲಿನ ಹಾಗೆ ನಿಂತಿತ್ತು. ಸಾಬರು ಬುಡು ಅನ್ನಲು ಬಾಯಿ ತೆರೆಯುವುದಕ್ಕೆ ಸರಿಯಾಗಿ ಒಳಗಿನಿಂದ ಚಿನ್ನತಾಯಿ ಚೀರಿದಳು.

ಈ ಸಲ ಸೆಳೆತವಲ್ಲ, ನೋವೇ. ಸಾಬರು, "ನಾನು ಮುಂದೆ ಹೋಗಿ ಫಾರೆಸ್ಟ್ ಗೇಟು ತೆಗೆಸಿಟ್ಟಿರ್ತೀನಿ, ನೀನು ಮಗಳನ್ನ ಹಾಕ್ಕೊಂಡ್ ಬಾ" ಅಂತ ಹೇಳಿ ಬೈಕು ಹಾರಿಸಿಕೊಂಡು ಹೋದರು. ದೇವಮ್ಮಣ್ಣಿ ಮಗಳನ್ನು ತಬ್ಬಿಕೊಂಡು ತಂದು ಹಿಂದಿನ ಸೀಟಿನಲ್ಲಿ ಮಲಗಿಸಿದಳು. ಮುಂದೆ ಬಂದು ನೋಡಿದರೆ ಡ್ರೈವರ್ ಸೀಟಿನಲ್ಲಿ ದುಂಡುಮಾದ. ಎರಡೂ ಕೈಯಲ್ಲಿ ಸ್ಟೇರಿಂಗು, ಕಾಲು ಬ್ರೇಕಿನ ಮೇಲೆ.

"ಇಳೀಲಾ."

"ಸಾಬ್ರು ಬುಡು ಅಂದಿಲ್ಲ."

"ನಾ ಹೇಳ್ತಾ ಇವ್ನಿ, ಬುಡು."

"ನೀ ಅಂದ್ರೂ ಬುಡ್ಬೇಡ ಅಂದವ್ರೆ."

ತೋಳು ಹಿಡಿದು ಎಳೆದಳು. ಬೆನ್ನಿಗೆ ಗುದ್ದಿದಳು. ಮುನಿಗನೂ ಬಂದು ಎಳೆದ. ಬಾಗಿಲು ತುಂಬುವ ಆಳು, ಕದಲಿದರೆ ತಾನೆ? ಎಳೆದಷ್ಟೂ ಜೋರಾಗಿ ಒತ್ತಿ ಹಿಡಿದ. ಹಿಂದೆ ಚಿನ್ನತಾಯಿ, "ಅವ್ವ, ಆಗಲ್ಲ ಕನವ್ವ" ಅನ್ನುತ್ತಿದ್ದಾಳೆ. ದೇವಮ್ಮಣ್ಣಿಯ ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಒರೆಸಿಕೊಂಡಳು. ಒರೆಸಿಕೊಂಡು, ಇವನ ತಲೆಯೊಳಗೆ ತಾನೂ ಒಂದು ಸಲ ಹೊಕ್ಕು ಬಂದಳು.

"ಮಾದ, ಪೆಡಲು ಮೇಲೆ ಬರ್ಬಾರ್ದು, ಅಷ್ಟೇ ತಾನೆ?"

"ಹೂಂ."

ಅವಳು ಪಕ್ಕದಿಂದ ತೂರಿ ತನ್ನ ಕಾಲನ್ನು ಅವನ ಕಾಲಿನ ಪಕ್ಕಕ್ಕಿಟ್ಟು ಪೆಡಲು ಒತ್ತಿದಳು. "ಈಗ ನಾನೂ ಹಿಡ್ಕೊಂಡಿವ್ನಿ. ನೀ ಕಾಲು ತೆಗುದ್ರೂ ಅದು ಮೇಲೆ ಬರಲ್ಲ. ನೋಡು."

ಅವನು ಬಗ್ಗಿ ನೋಡಿದ. ಯೋಚಿಸಿದ. ಕಾಲನ್ನು ಮೆಲ್ಲಗೆ ತೆಗೆದ. ಪೆಡಲು ಮೇಲೆ ಬರಲಿಲ್ಲ. "ಹೌದಲ್ಲವ್ವ" ಅಂತ ಪಕ್ಕಕ್ಕೆ ಸರಿದ. ದೇವಮ್ಮಣ್ಣಿ ಸೀಟಿಗೆ ಬಿದ್ದವಳೇ ಜೀಪು ಬಿಟ್ಟಳು.

ಆ ಇಳಿಜಾರು ಹೇಗಿತ್ತು ಅಂತ ಕೇಳಬೇಡಿ. ತಿರುವು ಬಂತು, ಒತ್ತಿದಳು, ಬ್ರೇಕು ಹಿಡಿಯಿತು. ಅವಳಿಗೆ ಜೀವ ಬಂದ ಹಾಗಾಯಿತು. ಕಾಲೆತ್ತಿದಳು, ದುಂಡುಮಾದ, "ಅವ್ವ, ಬುಟ್ಬುಟ್ಟೆ, ಸಾಬ್ರು ಅಂದಿಲ್ಲ" ಅಂದ. ಮತ್ತೊಂದು ತಿರುವು, ಒತ್ತಿದಳು, ಹಿಡಿಯಿತು. ಕಾಲೆತ್ತಿದಳು, "ಅವ್ವ, ಬುಟ್ಬುಟ್ಟೆ." ಹಿಂದೆ ಮಗಳ ನರಳಾಟ, ಪಕ್ಕದಲ್ಲಿ ಮಗನ ಈ ಗೋಳು, ಮುಂದೆ ಪಾತಾಳ. ಬೆಟ್ಟದ ಬುಡದಲ್ಲಿ ಸಾಬರು ಗೇಟು ಎತ್ತಿಸಿ ನಿಂತಿದ್ದರು. ದುಂಡುಮಾದ ಅರ್ಧ ಮೈ ಹೊರಗೆ ಹಾಕಿ, "ಸಾಬ್ರೇ, ಬುಡು ಅನ್ನಿ" ಅಂತ ಅರಚಿದ. ಸಾಬರಿಗೆ ಏನೂ ತಿಳಿಯಲಿಲ್ಲ, "ಬುಡು ಬುಡು, ನಿಲ್ಲಿಸ್ಬೇಡ" ಅಂದರು. ದುಂಡುಮಾದ ಉಸ್ಸಪ್ಪಾ ಅಂತ ಒರಗಿ ಕೂತ.

ಆಸ್ಪತ್ರೆ ಸೇರಿದರು. ಡಾಕ್ಟ್ರಮ್ಮ ತಡಮಾಡದೆ ಒಳಗೆ ಕರೆದುಕೊಂಡರು. ಬಿಸಿಲು ಇಳಿಯುವ ಹೊತ್ತಿಗೆ ಹೆಣ್ಣು ಮಗು. ತಾಯಿಗೆ ಸುಸ್ತು ಬಹಳ, ಜೀವಕ್ಕೆ ಮೋಸವಿಲ್ಲ ಅಂದರು. ದೇವಮ್ಮಣ್ಣಿ ಗೋಡೆ ಹಿಡಿದುಕೊಂಡು ಅತ್ತಳು. ಅತ್ತು ಮುಗಿಸಿದ ಮೇಲೆ ಕಾಫಿ ತರಬೇಕು, ಔಷಧಿ ತರಬೇಕು, ಅಳಿಯನಿಗೆ ಫೋನು ಮಾಡಬೇಕು ಅಂತ ನೆನಪಾಯಿತು. ಮಗನನ್ನು ಮಂಚದ ಪಕ್ಕ ಕೂರಿಸಿದಳು.

"ನೋಡ್ಲಾ, ಬೆಳಿಗ್ಗೆಯಿಂದ ಜೀಪು ಪಕ್ಕ ಎಷ್ಟು ಆಸ್ಥೆಯಿಂದ ಇದ್ದೆ? ಹಂಗೇ ತಂಗೀನೂ ನೋಡ್ಕೊ. ನಾ ಬತ್ತೀನಿ."

"ಆಯ್ತು ಕನವ್ವ" ಅಂದ ದುಂಡುಮಾದ.

ಅವನು ತಂಗಿಯನ್ನು ನೋಡಿದ. ಮೇಲೆ ಬಾಟಲಿ, ಬಾಟಲಿಯಿಂದ ತೆಳ್ಳನೆಯ ಪೈಪು, ಪೈಪು ಹೋಗಿ ಚಿನ್ನತಾಯಿಯ ಬಲಗೈಗೆ. ಅವನ ಮುಖ ಅರಳಿತು. ಎದ್ದು ಮಂಚದ ಆ ತುದಿಗೆ ಹೋಗಿ ಅವಳ ಎಡಗಾಲಿನ ಪಾದ ಹಿಡಿದು ಒತ್ತಿದ, ಹಿಡಿದ, ಬಿಟ್ಟ. ಪೈಪು ನೋಡಿದ. ಒತ್ತಿದ, ಹಿಡಿದ, ಬಿಟ್ಟ. ದಣಿದಿದ್ದ ಚಿನ್ನತಾಯಿಗೆ ಹಿತವಾಯಿತು. "ಹಂಗೇ ಒತ್ತಣ್ಣ" ಅಂದಳು, ಕಣ್ಣು ಮುಚ್ಚಿದಳು.

ದೇವಮ್ಮಣ್ಣಿ ಕಾಫಿ ಹಿಡಿದುಕೊಂಡು ಬಾಗಿಲಿಗೆ ಬಂದಾಗ ನರ್ಸಮ್ಮ ಖಾಲಿಯಾದ ಬಾಟಲಿ ಬಿಚ್ಚುವುದಕ್ಕೆ ಕೈ ಹಾಕಿದ್ದರು. ದುಂಡುಮಾದ ಪಾದ ಬಿಡದೆ ತಲೆಯೆತ್ತಿದ.

"ಅಮ್ಮಾರೇ, ಯಾಕೆ ಬಿಚ್ತೀರಿ? ಒಂದೇ ಆಗಿರೋದು, ಇನ್ನೂ ಮೂರು ಅವೆ. ನೀವು ಕೈಯಿಂದ ಶುರು ಮಾಡಿದ್ದೇ ತಪ್ಪು, ದೂರದ್ದು ಮೊದಲು ಮಾಡ್ಬೇಕು."

ನರ್ಸಮ್ಮ ಅವನನ್ನೂ ನೋಡಿದರು, ದೇವಮ್ಮಣ್ಣಿಯನ್ನೂ ನೋಡಿದರು. ದುಂಡುಮಾದ ತೊಟ್ಟಿಲ ಕಡೆ ಬಗ್ಗಿ ನೋಡಿ, ನರ್ಸಮ್ಮನಿಗೆ ಧೈರ್ಯ ಹೇಳಿದ.

"ಮಗೀಗೆ ಬೇಡ ಬುಡಿ, ಅದು ಹೊಸಾ ಗಾಡಿ."