ಮೂರು ಸಲವೂ ಅದೇ ಮಾತು

“ಕೇಳಿರಪ್ಪೋ ಕೇಳಿ! ರಾಜಕುಮಾರಿ ರತ್ನಾಂಗಿಯ ಮೂರು ಒಗಟು ಬಿಡಿಸಿದವನಿಗೆ ಅವಳನ್ನು ಕೊಟ್ಟು ಮದುವೆ, ಜೊತೆಗೆ ಅರ್ಧ ರಾಜ್ಯ. ತಪ್ಪಿದವನಿಗೆ ಅಮಾವಾಸ್ಯೆಯ ದಿನ ನೇಣು!”

ಮಾಣಿಕಪುರದ ರಾಜ ವೀರಕೇತು ಹೀಗೆ ಡಂಗುರ ಸಾರಿಸಿದ. ಸಾರಿಸಿದವನಿಗೂ ಬುದ್ಧಿ ಇರಲಿಲ್ಲ, ನಂಬಿ ಬಂದವರಿಗೂ ಇರಲಿಲ್ಲ. ಸೆರೆಮನೆ ತುಂಬಿತು. ಕಂಬಳಿ ನೇಯುವ ಬೀರಪ್ಪನೂ ಅದರೊಳಗೆ ಸೇರಿದ. ಒಗಟು ಗೆದ್ದು ಅಣ್ಣನನ್ನು ಬಿಡಿಸಿಕೊಂಡು ಬರುತ್ತೇನೆಂದು ತಮ್ಮ ಹಾಲಪ್ಪ ಹೊರಟಾಗ ಅವ್ವ ಬಾಗಿಲಿಗೆ ಅಡ್ಡ ನಿಂತಳು.

“ಅವನಂತೂ ಹೋಗಿ ಸಿಕ್ಕಾಕ್ಕೊಂಡ. ನಿಂಗೂ ಅಲ್ಲೇನಾದ್ರೂ ಹೆಚ್ಚುಕಡಿಮೆ ಆದ್ರೆ ನಾನ್ಯಾರ ಮುಖ ನೋಡ್ಕೊಂಡು ಇರ್ಲೋ?”

ಹಾಲಪ್ಪ ಸಭೆಗೆ ಬಂದಾಗ ರತ್ನಾಂಗಿ ಮೊದಲ ಒಗಟು ಹೇಳುತ್ತಿದ್ದಳು. “ಹುಟ್ಟಾ ವೈರಿಗಳಿಬ್ಬರು. ಒಬ್ಬನಿದ್ದಲ್ಲಿ ಇನ್ನೊಬ್ಬ ಇರಲಾರ. ಜನರ ಬಾಯಲ್ಲಿ ಮಾತ್ರ ಹೆಗಲ ಮೇಲೆ ಕೈ ಹಾಕಿಕೊಂಡೇ ಓಡಾಡುತ್ತಾರೆ. ಯಾರು?”

“ಬೆಕ್ಕು, ಇಲಿ,” ಎಂದ ಮಂತ್ರಿಯ ಮಗ.

“ಅತ್ತೆ, ಸೊಸೆ!” ಎಂದ ಶೆಟ್ಟರ ಮಗ.

“ಅತ್ತೆ ಸೊಸೆ ಹೆಗಲ ಮೇಲೆ ಕೈ ಹಾಕಿಕೊಂಡದ್ದನ್ನು ಎಲ್ಲಿ ನೋಡಿದೆಯಪ್ಪಾ?” ರತ್ನಾಂಗಿ ಹಣೆ ಚಚ್ಚಿಕೊಂಡಳು. ಇಬ್ಬರನ್ನೂ ಎಳೆದೊಯ್ದರು.

ರಾಜ ಹಾಲಪ್ಪನ ಕಡೆ ತಿರುಗಿದ. “ನಿನಗೆ ಗೊತ್ತೇನೋ?”

ಗೊತ್ತೆನ್ನಲು ಧೈರ್ಯವಿಲ್ಲ, ಇಲ್ಲವೆಂದರೆ ಅಣ್ಣ ಉಳಿಯುವುದಿಲ್ಲ. “ಹೆಚ್ಚುಕಡಿಮೆ ಗೊತ್ತು, ಸ್ವಾಮಿ,” ಎಂದು ತೊದಲಿದ.

“ಹೆಚ್ಚುಕಡಿಮೆ ಅಂದರೇನೋ? ಗೊತ್ತೋ, ಇಲ್ಲವೋ?”

“ಅಪ್ಪಾಜಿ, ತಾಳಿ,” ರತ್ನಾಂಗಿ ನೆಟ್ಟಗೆ ಕೂತಳು. “ಅದೇ ಉತ್ತರ. ಹೆಚ್ಚು ಒಬ್ಬ, ಕಡಿಮೆ ಒಬ್ಬ.”

ಬಾಯಿತಪ್ಪಿ ಬಂದ ಮಾತು ಗೆದ್ದಿತ್ತು!

“ಎರಡನೆಯದು. ಮಂಚದ ಕಾಲಿಗೆ ಬಂದರೆ ನಿದ್ದೆ ಕೆಡುತ್ತದೆ, ಅಣ್ಣತಮ್ಮಂದಿರ ಪಾಲಿಗೆ ಬಂದರೆ ಮನೆ ಕೆಡುತ್ತದೆ. ಏನದು?”

ಅಣ್ಣನೂ ತಾನೂ ಮಲಗುತ್ತಿದ್ದ ಕುಂಟು ಮಂಚ ಹಾಲಪ್ಪನಿಗೆ ನೆನಪಾಯಿತು. “ಹೆಚ್ಚುಕಡಿಮೆ,” ಎಂದ.

“ಮತ್ತೆ ಅದೇ!” ರಾಜ ಸಿಂಹಾಸನದಿಂದ ಎದ್ದೇಬಿಟ್ಟ. “ಉತ್ತರ ಹೇಳೋ ಅಂದರೆ ಅಂದಾಜು ಹೇಳುತ್ತಾನಲ್ಲ! ನನ್ನ ತಲೆ ತಿನ್ನೋಕೆ ಬಂದೆಯಾ?”

“ಒಂದು ಕಾಲು ಉದ್ದ, ಒಂದು ಗಿಡ್ಡ ಆದ್ರೆ ಮಂಚ ಕುಣೀತದೆ ಸ್ವಾಮಿ. ಪಾಲೂ ಅಷ್ಟೇ.”

“ಸರಿಯಾಗಿದೆ, ಕೂತುಕೊಳ್ಳಿ ಅಪ್ಪಾಜಿ,” ಎಂದಳು ರತ್ನಾಂಗಿ. ಆಮೇಲೆ ದನಿ ತಗ್ಗಿಸಿದಳು. “ಕೊನೆಯದು. ಸಾವಿನ ಹೆಸರೆತ್ತಲು ನಾಲಗೆ ಬಾರದ ತಾಯಿ, ಹೊರಟ ಮಗನ ಮುಂದೆ ಅದನ್ನು ಏನೆಂದು ಕರೆಯುತ್ತಾಳೆ?”

ಹಾಲಪ್ಪ ಕಣ್ಣೊರೆಸಿಕೊಂಡು ಹೇಳಿದ: “ಹೆಚ್ಚುಕಡಿಮೆ. ಬೆಳಿಗ್ಗೆ ನಮ್ಮವ್ವ ಅಂದ್ಲು, ನಿಂಗೇನಾದ್ರೂ ಹೆಚ್ಚುಕಡಿಮೆ ಆದ್ರೆ ಅಂತ.”

ರಾಜ ಮಗಳ ಕಡೆ ತಿರುಗಿದ.

“ಸೆರೆಯಲ್ಲಿರುವ ಒಬ್ಬೊಬ್ಬನ ಮನೆಯಲ್ಲೂ ಅದೇ ಮಾತು ಆಡಿದ್ದಾರೆ, ಅಪ್ಪಾಜಿ,” ಎಂದಳು ರತ್ನಾಂಗಿ. “ನೇಣು ಬೇಡ ಅಂತ ಬಾಯಿ ನೋಯುವಷ್ಟು ಹೇಳಿದೆ, ನೀವು ಕೇಳಲಿಲ್ಲ. ಅದಕ್ಕೇ ಇದನ್ನು ಒಗಟು ಮಾಡಿದೆ.”

ರಾಜ ತಲೆ ತಗ್ಗಿಸಿದ. “ಅರ್ಧ ರಾಜ್ಯ ಈಗಲೇ ಅಳೆದು ಕೊಡಲೇನಪ್ಪಾ?”

“ಅದ್ರಲ್ಲಿ ಹೆಚ್ಚುಕಡಿಮೆ ಆದ್ರೂ ಪರವಾಗಿಲ್ಲ, ಸ್ವಾಮಿ. ಮದುವೆಗೆ ಅವ್ವನ್ನ ಕರ್ಕೊಂಡು ಬರ್ತೀನಿ. ಮೊದ್ಲು ನಮ್ಮಣ್ಣನ್ನ ಬಿಡಿ, ಉಳಿದೋರನ್ನೂ ಬಿಡಿ.”

ಸೆರೆಮನೆ ಬರಿದಾಯಿತು. ಸಂಜೆ ಅಣ್ಣತಮ್ಮಂದಿರು ಊರು ಮುಟ್ಟಿದಾಗ ಅವ್ವ ಇನ್ನೂ ಬಾಗಿಲಲ್ಲೇ ನಿಂತಿದ್ದಳು. ಇಬ್ಬರನ್ನೂ ಕಂಡು ಓಡಿಬಂದು ತಬ್ಬಿಕೊಂಡಳು.

“ಅವ್ವಾ,” ಎಂದ ಹಾಲಪ್ಪ, “ಏನೂ ಹೆಚ್ಚುಕಡಿಮೆ ಆಗ್ಲಿಲ್ಲ.”